ನಾಲ್ಕು ಬೆರಳು, ಎಂಟು ಬೆರಳು

ಸಂಡೂರು
೨ ಸೆಪ್ಟೆಂಬರ್ ೨೦೨೪

ಕಂಪ್ಲಿಯ ತಾಯಕ್ಕ ಕಂಪ್ಯೂಟರ್ಸ್ ಮಾಲೀಕರಿಗೆ ನಮಸ್ಕಾರಗಳು.

ಈ ಬ್ಯಾಗಿನಲ್ಲಿರುವ ಲ್ಯಾಪ್‌ಟಾಪ್ ನನ್ನದು. ಬೆಳಗಿನ ಬಸ್ಸಿಗೆ ಹೊಸಪೇಟೆಗೆ ಕಳಿಸುತ್ತಿದ್ದೇನೆ. ಅಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಸೋಡಾ ಅಂಗಡಿ ಇಟ್ಟಿರುವ ಮೂಕಣ್ಣ ಇದನ್ನು ನಿಮ್ಮೂರ ಬಸ್ಸಿಗೆ ಏರಿಸುತ್ತಾನೆ. ನಿಮ್ಮ ಅಂಗಡಿಯ ಹೆಸರು ಹೇಳಿದವನೂ ಅವನೇ. ನಾನು ಹೊಸಪೇಟೆಯ ಡಿಪ್ಲೊಮಾ ಕಾಲೇಜಿನಲ್ಲಿದ್ದಾಗ ಅವನು ನಮ್ಮ ಲ್ಯಾಬಿನ ಅಟೆಂಡರ್.

ತೊಂದರೆಯನ್ನು ಮಾಲೀಕರು ಸ್ವಂತ ಕೈಯಲ್ಲಿ ಬರೆದು, ಸಹಿ ಹಾಕಿ, ವಸ್ತುವಿನ ಜೊತೆ ಇಡಬೇಕು, ಫೋನಿನಲ್ಲಿ ಹೇಳಿದ್ದು ನಡೆಯುವುದಿಲ್ಲ ಎಂಬುದು ನಿಮ್ಮ ಅಂಗಡಿಯ ಕಟ್ಟುನಿಟ್ಟಂತೆ. ಈ ಕಾಲದಲ್ಲಿ ಇಂಥ ಪದ್ಧತಿ ಇಟ್ಟುಕೊಂಡಿರುವ ನಿಮ್ಮ ಬಗ್ಗೆ ಗೌರವ ಮೂಡಿತು. ನನ್ನ ಕಿವಿಯೂ ಈಚೆಗೆ ಫೋನಿಗೆ ಒಗ್ಗುತ್ತಿಲ್ಲ. ಕೈಬರಹಕ್ಕೆ ಮಾತ್ರ ಇನ್ನೂ ಕಳೆ ಇದೆ ಎಂದು ಕಂಡವರು ಹೇಳುತ್ತಾರೆ.

ತೊಂದರೆ ಇಷ್ಟೆ. ಯಂತ್ರ ಬಹಳ ನಿಧಾನ. ಗುಂಡಿ ಒತ್ತಿ, ಸ್ನಾನ ಮುಗಿಸಿ, ಸಂಧ್ಯಾವಂದನೆ ಮಾಡಿ ಬಂದರೂ ಪರದೆಯ ಮೇಲೆ ಆ ಬಿಳಿ ಚುಕ್ಕೆಗಳು ಸುತ್ತುತ್ತಲೇ ಇರುತ್ತವೆ. ಒಂದು ಅಕ್ಷರ ಒತ್ತಿದರೆ ಅದು ಮೂಡುವಷ್ಟರಲ್ಲಿ ಮುಂದಿನ ವಾಕ್ಯವೇ ಮರೆತಿರುತ್ತದೆ. ಇಪ್ಪತ್ತೊಂಬತ್ತು ವರ್ಷ ಕಂಪ್ಯೂಟರ್ ಕಲಿಸಿದವನು ಹೀಗೆ ಬರೆಯುವುದು ನಗೆಪಾಟಲು. ಆದರೆ ನಾನು ಪಾಠದ ಮನುಷ್ಯ. ಸ್ಕ್ರೂ ಬಿಚ್ಚುವುದು, ಹಾಕುವುದು ಎಲ್ಲ ಮೂಕಣ್ಣನ ಪಾಲಿನ ಕೆಲಸವಾಗಿತ್ತು. ಈಗ ಅವನಿಗೆ ಕಣ್ಣು ಮಂಜು.

ನವೆಂಬರಿನೊಳಗೆ ನನಗೆ ಒಂದು ಬರವಣಿಗೆ ಮುಗಿಸಬೇಕಿದೆ. ದಯವಿಟ್ಟು ಬೇಗ ನೋಡಿ.

ಇತಿ,
ಅಚ್ಯುತ ಕಮಲಾಕರ ಆಚಾರ್
ನಿವೃತ್ತ ಉಪನ್ಯಾಸಕ


ಕಂಪ್ಲಿ
೪ ಸೆಪ್ಟೆಂಬರ್ ೨೦೨೪

ಅಚ್ಯುತ ಸರ್,

ಈ ಕಾಗದ ನಿಮ್ಮ ಬ್ಯಾಗಿಗೆ ಹೋಗುವುದಿಲ್ಲ. ನನ್ನ ಮೇಜಿನ ಖಾನೆಯಲ್ಲೇ ಇರುತ್ತದೆ. ನಿಮಗೆ ಕಳಿಸುವ ಕಾಗದವನ್ನು ನಾಳೆ ಬರೆಯುತ್ತೇನೆ.

ಚೀಟಿ ಬಿಡಿಸಿದಾಗ ಹೆಸರಿಗಿಂತ ಮೊದಲು ಅಕ್ಷರ ಕಂಡಿತು. ಆ ದುಂಡು ಅಕ್ಷರವನ್ನು ಕಪ್ಪು ಹಲಗೆಯ ಮೇಲೆ ಒಂದು ವರ್ಷ ನೋಡಿದ್ದೇನೆ. ನೀರು ಕುಡಿಯುತ್ತಿದ್ದೆ, ಲೋಟ ಹಾಗೇ ಹಿಡಿದುಕೊಂಡು ಕೂತೆ.

ನಾನು ಎರ್ರಮ್ಮ. ಅಕ್ಕಿ ಗಿರಣಿಯ ಫಿಟರ್ ಗಾದಿಲಿಂಗಪ್ಪನ ಮಗಳು. ಹಾಜರಿ ಕೂಗುವಾಗ ನನ್ನ ಹೆಸರು ಬಂದರೆ ನೀವು ಒಂದು ಕ್ಷಣ ನಿಲ್ಲಿಸಿ, "ಅಜ್ಜೀನ ಕಳಿಸ್ಯಾರೋ, ಮೊಮ್ಮಗಳನ್ನೋ?" ಎಂದು ಕೇಳುತ್ತಿದ್ದಿರಿ. ಇಡೀ ಕ್ಲಾಸು ನಗುತ್ತಿತ್ತು. ಅದನ್ನು ನಾನು ಎಂದೋ ಬಿಟ್ಟುಬಿಟ್ಟೆ. ಇನ್ನೊಂದನ್ನು ಬಿಟ್ಟಿಲ್ಲ.

ಹಂಪಿಯಲ್ಲಿ ನಮ್ಮ ಲಿಂಗರಾಜ್ ಮಾವ ಗೆಸ್ಟ್‌ಹೌಸ್ ನೋಡಿಕೊಳ್ಳುತ್ತಿದ್ದ. ಅಲ್ಲಿ ಇಳಿದಿದ್ದ ಒಬ್ಬ ಫಾರಿನ್ನಿನವನು ತನ್ನ ನಿಧಾನದ ಲ್ಯಾಪ್‌ಟಾಪಿಗೆ ಹೊಸ ರ‍್ಯಾಮ್ ಹಾಕಿಕೊಂಡು, ಹಳೆಯ ಪಟ್ಟಿಯನ್ನು ಕಸದ ಬುಟ್ಟಿಗೆ ಹಾಕಿದ. ಮಾವ ಅದನ್ನು ಕೇಳಿ ಇಸಿದುಕೊಂಡು ಬಂದ. "ತೊಗೊಳವ್ವಾ, ಕಂಪ್ಯೂಟರಿನ ಜೀವ ಇದ್ರಾಗ ಇರತೈತಂತ," ಎಂದು ನನ್ನ ಕೈಗೆ ಇಟ್ಟ. ನಮ್ಮ ಮನೆಗೆ ಬಂದ ಮೊದಲ ಕಂಪ್ಯೂಟರ್ ಅದು, ನಾಲ್ಕು ಬೆರಳು ಉದ್ದದ್ದು. ಆಯುಧಪೂಜೆಗೆ ಅಪ್ಪ ತನ್ನ ಸ್ಪ್ಯಾನರುಗಳ ಸಾಲಿನ ಕೊನೆಗೆ ಅದನ್ನೂ ಇಟ್ಟು ಕುಂಕುಮ ಹಚ್ಚಿದ. ನಾನು ಅದನ್ನು ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡು ಕಾಲೇಜಿಗೆ ಬಂದೆ.

ಅದೇ ದಿನ ನಿಮ್ಮ ಲ್ಯಾಬಿನಲ್ಲಿ ಎರಡು ರ‍್ಯಾಮ್ ಪಟ್ಟಿ ಕಾಣೆಯಾಗಿದ್ದವು.

ಈಗ ನಿಮ್ಮ ಯಂತ್ರ ನನ್ನ ಮೇಜಿನ ಮೇಲೆ ಅಂಗಾತ ಬಿದ್ದಿದೆ. ಕೆಳಗಿನ ಏಳು ಸ್ಕ್ರೂ ಬಿಚ್ಚಿದ್ದೇನೆ. ಏನು ಮಾಡಲಿ?


ಕಂಪ್ಲಿ
೫ ಸೆಪ್ಟೆಂಬರ್ ೨೦೨೪

ಅಚ್ಯುತ ಆಚಾರ್ ಅವರಿಗೆ ನಮಸ್ಕಾರ.

ಯಂತ್ರ ತಲುಪಿತು. ಬಿಚ್ಚಿ ಧೂಳು ತೆಗೆದಿದ್ದೇನೆ. ಕೆಟ್ಟಿರುವುದು ಏನೂ ಇಲ್ಲ. ಒಳಗಿರುವ ರ‍್ಯಾಮ್ ಎರಡು ಜಿಬಿಯದು, ಈಗಿನ ಕೆಲಸಕ್ಕೆ ಸಾಲದು. ಒಂದೇ ಗೂಡು ಇದೆ. ಅದರಲ್ಲಿ ಎಂಟು ಜಿಬಿಯ ಪಟ್ಟಿ ಕೂರಿಸಿದರೆ ಹುಡುಗನ ಹಾಗೆ ಓಡುತ್ತದೆ. ಪಟ್ಟಿ ತರಿಸಬೇಕು, ಒಂದು ವಾರ ಹಿಡಿಯುತ್ತದೆ. ಅಷ್ಟರವರೆಗೆ ನಿಮ್ಮ ಬರವಣಿಗೆ ನಿಲ್ಲಬಾರದೆಂದು ಯಂತ್ರವನ್ನು ವಾಪಸು ಕಳಿಸುತ್ತಿದ್ದೇನೆ.

ನೀವು ಬರೆಯುತ್ತಿರುವುದು ಏನು, ಎಷ್ಟು ದೊಡ್ಡದು ಎಂದು ತಿಳಿಸಿದರೆ ಅನುಕೂಲ. ಬೇಗ ಬೇಕು ಎಂದಿದ್ದೀರಿ, ಅದಕ್ಕೆ ಕೇಳಿದೆ.

ತಾಯಕ್ಕ ಕಂಪ್ಯೂಟರ್ಸ್


ಸಂಡೂರು
೧೦ ಸೆಪ್ಟೆಂಬರ್ ೨೦೨೪

ಮಾನ್ಯ ಮಾಲೀಕರೆ,

ನಿಮ್ಮ ಕಾಗದದ ಅಚ್ಚುಕಟ್ಟು ನೋಡಿ ಸಂತೋಷವಾಯಿತು. ನಿಮ್ಮಂಥ ಒಬ್ಬ ಶಿಷ್ಯ ನನಗೆ ಸಿಕ್ಕಿದ್ದರೆ ಎನ್ನಿಸಿತು.

ನಾನು ಬರೆಯುತ್ತಿರುವುದು ನನ್ನ ಪಾಠದ ದಿನಗಳ ನೆನಪು. ನವೆಂಬರ್ ೨೪ರಂದು ಹೊಸಪೇಟೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಸೇರಿ ನನಗೆ ಅಭಿನಂದನೆ ಇಟ್ಟುಕೊಂಡಿದ್ದಾರೆ. ಅಂದು ಪುಸ್ತಕ ಬಿಡುಗಡೆ. ಹನ್ನೆರಡು ಅಧ್ಯಾಯ. ಅದರಲ್ಲಿ ಒಂದನ್ನು ಎಲ್ಲರಿಗೂ ಓದಿಸಬೇಕೆಂದು ಆಸೆ. ನೀವೂ ಬಿಡಿಭಾಗಗಳ ನಡುವೆ ಬದುಕುವವರು, ನಿಮಗೆ ಹಿಡಿಸೀತು ಎಂದು ಒಂದು ತುಣುಕು ನಕಲು ಮಾಡಿ ಇಟ್ಟಿದ್ದೇನೆ:

"೨೦೦೯ರ ದಸರಾ ರಜೆ ಮುಗಿದ ಮೊದಲ ದಿನ. ಲ್ಯಾಬಿನ ಎರಡು ಕಂಪ್ಯೂಟರುಗಳಲ್ಲಿ ರ‍್ಯಾಮ್ ಇರಲಿಲ್ಲ. ಎಲ್ಲರ ಚೀಲ ತಪಾಸಣೆ ಮಾಡಿಸಿದೆ. ಎ. ಎಂಬ ವಿದ್ಯಾರ್ಥಿನಿಯ ಕಂಪಾಸ್ ಬಾಕ್ಸಿನಲ್ಲಿ ಒಂದು ಪಟ್ಟಿ ಸಿಕ್ಕಿತು. ಅದಕ್ಕೆ ಕುಂಕುಮ ಹಚ್ಚಿತ್ತು! ಕದ್ದ ಮಾಲಿಗೆ ಪೂಜೆ ಬೇರೆ ಎಂದು ನಾನಂದಾಗ ತರಗತಿ ನಕ್ಕಿತು. ಹುಡುಗಿಯ ತಂದೆ ಗಿರಣಿಯಿಂದ ಬಂದು ಕಾಲು ಹಿಡಿದರು. ಪೊಲೀಸರಿಗೆ ಒಪ್ಪಿಸುವುದು ನನಗೆ ಒಂದು ಮಾತಿನ ಕೆಲಸ. ಆದರೆ ಗುರುವಿನ ಧರ್ಮ ಶಿಕ್ಷೆಯಲ್ಲ, ತಿದ್ದುವುದು. ತಪ್ಪೊಪ್ಪಿಗೆ ಬರೆಸಿಕೊಂಡು, ಅದನ್ನು ಲ್ಯಾಬಿನ ಗೋಡೆಗೆ ಹಾಕಿಸಿ, ಕ್ಷಮಿಸಿದೆ. ಆ ಮೇಲೆ ನಮ್ಮ ಲ್ಯಾಬಿನಲ್ಲಿ ಒಂದು ಸ್ಕ್ರೂ ಕೂಡ ಕಳೆದುಹೋಗಲಿಲ್ಲ."

ಆ ಹುಡುಗಿ ಆಮೇಲೆ ಕಾಲೇಜಿಗೆ ಬರಲಿಲ್ಲ. ಎಲ್ಲೋ ಮದುವೆಯಾಗಿ ಸುಖವಾಗಿರಬೇಕು. ಈ ಅಧ್ಯಾಯ ಓದಿದರೆ ಅವಳಿಗೂ ನನ್ನ ಮೇಲೆ ಕೃತಜ್ಞತೆ ಮೂಡೀತು.

ಪಟ್ಟಿ ಬಂತೆ?

ಇತಿ,
ಅಚ್ಯುತ ಆಚಾರ್


ಕಂಪ್ಲಿ
೧೩ ಸೆಪ್ಟೆಂಬರ್ ೨೦೨೪

ಅಚ್ಯುತ ಆಚಾರ್ ಅವರಿಗೆ ನಮಸ್ಕಾರ.

ನಿಮ್ಮ ಅಧ್ಯಾಯವನ್ನು ಓದಿದೆ. ಒಂದು ಸಲವಲ್ಲ. ನಮ್ಮ ಮನೆಯಲ್ಲೂ ಓದಿ ಹೇಳಿದೆ.

ಪಟ್ಟಿಯನ್ನು ನೀಲಿ ಕವರಿನಲ್ಲಿ ಇಟ್ಟು ಕಳಿಸುತ್ತಿದ್ದೇನೆ. ಸಂಡೂರಿನ ಅದಿರು ಲಾರಿಗಳ ರಸ್ತೆಯಲ್ಲಿ ನಿಮ್ಮ ಯಂತ್ರ ಮತ್ತೆ ಮತ್ತೆ ಕುಲುಕಾಡುವುದು ಬೇಡ. ನೀವೇ ಕೂರಿಸಿಕೊಳ್ಳಿ, ಸುಲಭ ಕೆಲಸ. ಮೊದಲು ಬ್ಯಾಟರಿ ತೆಗೆಯಿರಿ. ಕೆಳಗಿನ ಏಳು ಸ್ಕ್ರೂ ಬಿಚ್ಚಿದರೆ ಮುಚ್ಚಳ ಬರುತ್ತದೆ. ಹಳೆಯ ಪಟ್ಟಿಯ ಎರಡು ಬದಿಯ ಕೊಕ್ಕೆಗಳನ್ನು ಹೊರಕ್ಕೆ ಸರಿಸಿದರೆ ಪಟ್ಟಿ ತಾನೇ ಮೇಲೇಳುತ್ತದೆ. ಹೊಸದನ್ನು ಓರೆಯಾಗಿ ಗೂಡಿಗೆ ತೂರಿಸಿ, ಮೆಲ್ಲಗೆ ಕೆಳಕ್ಕೆ ಒತ್ತಿ. ಟಕ್ ಎಂದರೆ ಕೂತಿತು ಎಂದು ಅರ್ಥ.

ಕೂರದಿದ್ದರೆ ಬಲವಂತ ಮಾಡಬೇಡಿ. ಯಾಕೆ ಕೂರಲಿಲ್ಲ ಎಂದು ನಿಮ್ಮ ಕಣ್ಣಿಗೆ ಕಂಡದ್ದನ್ನು, ನಿಮ್ಮ ಕೈಯಲ್ಲಿ, ವಿವರವಾಗಿ ಬರೆಯಿರಿ. ಸಹಿ, ತಾರೀಖು ಮರೆಯಬೇಡಿ.

ತಾಯಕ್ಕ ಕಂಪ್ಯೂಟರ್ಸ್


ಸಂಡೂರು
೨೦ ಸೆಪ್ಟೆಂಬರ್ ೨೦೨೪

ಮಾಲೀಕರೆ,

ಇದೇನು ತಮಾಷೆ?

ನಿನ್ನೆ ಬೆಳಿಗ್ಗೆ ಊಟದ ಮೇಜಿನ ಮೇಲೆ ಬಿಳಿ ಪಂಚೆ ಹಾಸಿ ಕೂತೆ. ಸ್ಕ್ರೂಗಳು ಕಳೆಯಬಾರದೆಂದು ನಮ್ಮ ಮನೆಯವರು ಲಕ್ಷ್ಮೀಬಾಯಿ ಕುಂಕುಮದ ಭರಣಿಯ ಮುಚ್ಚಳ ಕೊಟ್ಟರು. ಆದರೂ ಒಂದು ಉರುಳಿ ಫ್ರಿಜ್ಜಿನ ಕೆಳಗೆ ಹೋಯಿತು. ಇಬ್ಬರೂ ನೆಲಕ್ಕೆ ಕೆನ್ನೆ ಹಚ್ಚಿ ಪೊರಕೆ ಕಡ್ಡಿಯಿಂದ ಎಳೆದೆವು. ಹಳೆಯ ಪಟ್ಟಿ ನೀವು ಬರೆದ ಹಾಗೆಯೇ ಎದ್ದು ಬಂತು. ಹೊಸದು ಕೂರಲಿಲ್ಲ. ಓರೆ ಹಿಡಿದೆ, ನೇರ ಹಿಡಿದೆ, ತಿರುವಿ ಹಿಡಿದೆ. ಸಿಟ್ಟಿನಲ್ಲಿ ತುಸು ಒತ್ತಿದ್ದಕ್ಕೆ ಒಂದು ಕೊಕ್ಕೆಯೂ ಬಾಗಿತು. ಲಕ್ಷ್ಮೀಬಾಯಿ ಹಿಂದೆ ನಿಂತು, "ಅಲ್ರೀ, ಇಪ್ಪತ್ತೊಂಬತ್ತು ವರ್ಷ ಮಂದಿಗೆ ಕಲಿಸೀರಿ. ಕೊಡದ ಮುಚ್ಚಳ ತಂಬಿಗಿಗೆ ಕೂಡತೈತೇನು? ನೋಡಿದ್ರನ ತಿಳಿಯಾಂಗಿಲ್ಲೇನ್ರಿ?" ಎಂದರು.

ಅವರು ಹೇಳಿದ್ದು ಸರಿ. ಗೂಡು ನಾಲ್ಕು ಬೆರಳು ಉದ್ದವಿದೆ. ನೀವು ಕಳಿಸಿದ ಪಟ್ಟಿ ಎಂಟು ಬೆರಳು. ಇದು ದೊಡ್ಡ ಕಂಪ್ಯೂಟರಿನದು. ಅದರದು ಇದಕ್ಕೆ ಕೂರುವುದಿಲ್ಲ, ಇದರದು ಅದಕ್ಕೆ ಕೂರುವುದಿಲ್ಲ. ಅಕ್ಕಪಕ್ಕ ಇಟ್ಟು ನೋಡಿದರೆ ಕಣ್ಣಿದ್ದವರಿಗೆ ಯಾರಿಗಾದರೂ ತಿಳಿಯುತ್ತದೆ. ಒಂದು ಸಲ ಹಾಕಿಯೂ ನೋಡದೆ ಅದನ್ನು ಇದರದೆಂದು ಹೇಳುವವರು ಅಂಗಡಿ ಹೇಗೆ ನಡೆಸುತ್ತೀರಿ? ನಿಮ್ಮ ಕಾಗದದ ಅಚ್ಚುಕಟ್ಟು ನೋಡಿ ಮೋಸ ಹೋದೆ.

ಯಂತ್ರ ಈಗ ಬಾಯಿ ತೆರೆದು ಕೂತಿದೆ. ಅದನ್ನೂ ನಿಮ್ಮ ಪಟ್ಟಿಯನ್ನೂ ಕಳಿಸುತ್ತಿದ್ದೇನೆ. ನನ್ನ ಪುಸ್ತಕ ಅದರೊಳಗಿದೆ, ಬೇರೆ ಪ್ರತಿ ಇಲ್ಲ. ಜೋಪಾನ.

ಅಚ್ಯುತ ಕಮಲಾಕರ ಆಚಾರ್
(ಸಹಿ)


ಕಂಪ್ಲಿ
೨೩ ಸೆಪ್ಟೆಂಬರ್ ೨೦೨೪

ಅಚ್ಯುತ ಸರ್,

ನಿಮ್ಮ ಕಾಗದ ತಲುಪಿತು. ಅಕ್ಷರ ಚೆನ್ನಾಗಿದೆ. ತಾರೀಖಿದೆ, ಸಹಿ ಇದೆ. ಇದಕ್ಕಾಗಿ ಹದಿನೈದು ವರ್ಷ ಕಾದೆ ಎಂದು ನನಗೇ ಗೊತ್ತಿರಲಿಲ್ಲ.

ನಾನು ತಾಯಕ್ಕ ಅಲ್ಲ, ಅದು ನಮ್ಮವ್ವನ ಹೆಸರು. ನಾನು ನಿಮ್ಮ ಅಧ್ಯಾಯದ ಎ. ಪೂರ್ತಿ ಹೆಸರು ಎರ್ರಮ್ಮ. ನಿಮ್ಮ ಪುಸ್ತಕದಲ್ಲಿ ನೀವು ಬಿಟ್ಟದ್ದು ನನ್ನ ಹೆಸರೊಂದೇ ಅಲ್ಲ.

ಅಂದು ಅಪ್ಪ ಗಿರಣಿಯಿಂದ ತೌಡು ಮೆತ್ತಿದ ಅಂಗಿಯಲ್ಲೇ ಬಂದಿದ್ದ. ಕಾಲು ಹಿಡಿದದ್ದು ನಿಜ. ಆದರೆ ಅದಕ್ಕೆ ಮುಂಚೆ ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿದ. ಬೆಲ್ಟು ಒಂದು ಬೆರಳು ಉದ್ದವಾದರೂ ಚಕ್ರಕ್ಕೆ ಕೂರುವುದಿಲ್ಲ ಎಂದು ತಿಳಿದ ಮನುಷ್ಯ ಅವನು. ನಿಮ್ಮ ಮೇಜಿನ ಮೇಲಿದ್ದ ಪಟ್ಟಿಯನ್ನೂ, ಬಾಯಿ ತೆರೆದಿದ್ದ ಕಂಪ್ಯೂಟರನ್ನೂ ನೋಡಿ, "ಸರ, ಇದು ಆ ಡಬ್ಬಿಗೆ ಕುಂದ್ರತೈತೇನ್ರಿ? ಒಂದ್ಸಲ ಹಾಕಿ ತೋರಸ್ರಿ," ಎಂದ.

ನೀವು ಹೇಳಿದ್ದು ನೆನಪಿದೆಯೇ? "ನೀವು ಗಿರಣಿಯವರು. ಭತ್ತದ ವಿಚಾರ ಮಾತಾಡ್ರಿ. ಇದು ನಿಮಗ ತಿಳಿಯಾಂಗಿಲ್ಲ."

ಆಗ ತರಗತಿ ಎರಡನೇ ಸಲ ನಕ್ಕಿತು. ಆಮೇಲೆ ಅಪ್ಪ ಕಾಲು ಹಿಡಿದ.

ಕಾಣೆಯಾದದ್ದು ಎಂಟು ಬೆರಳಿನ ಪಟ್ಟಿ. ನನ್ನ ಬಳಿ ಇದ್ದದ್ದು ನಾಲ್ಕು ಬೆರಳಿನದು. ಅದು ಲ್ಯಾಪ್‌ಟಾಪಿನದು, ನಿಮ್ಮ ಲ್ಯಾಬಿನ ಯಾವ ಯಂತ್ರಕ್ಕೂ ಕೂರುವುದಲ್ಲ. ನನಗೆ ಆಗ ಇದು ಗೊತ್ತಿರಲಿಲ್ಲ. ಆಮೇಲೆ ಹಂಪಿಯಲ್ಲಿ ಮಾವನ ಬಳಿ ಇದ್ದು, ಗೆಸ್ಟ್‌ಹೌಸಿನವರ ಕೆಟ್ಟ ಲ್ಯಾಪ್‌ಟಾಪುಗಳನ್ನು ಬಿಚ್ಚಿ ಬಿಚ್ಚಿ ಕಲಿತೆ. ಮೊದಲ ಲ್ಯಾಪ್‌ಟಾಪಿನ ಮುಚ್ಚಳ ತೆಗೆದ ದಿನ ಆ ಪುಟ್ಟ ಗೂಡು ನೋಡಿ, ಬಾಳೆ ತೋಟದ ಬದುವಿನ ಮೇಲೆ ಕೂತು ಒಬ್ಬಳೇ ಅತ್ತೆ. ನಿಮ್ಮ ಮುಂದೆ ಅತ್ತಿರಲಿಲ್ಲ.

"ಒಂದು ಸಲ ಹಾಕಿಯೂ ನೋಡದೆ" ಎಂದು ನೀವೇ ಬರೆದಿದ್ದೀರಿ. ಅದರ ಕೆಳಗೆ ಕೆಂಪು ಗೆರೆ ಎಳೆದಿದ್ದೇನೆ, ನೀವು ನಮ್ಮ ತಪ್ಪುಗಳಿಗೆ ಎಳೆಯುತ್ತಿದ್ದ ಹಾಗೆ.

ನಿಮ್ಮ ಯಂತ್ರ ನನ್ನ ಬಳಿ ಇದೆ. ಪುಸ್ತಕವೂ ಅದರಲ್ಲಿದೆ. ಈಗ ಹೇಳಿ, ಆ ಅಧ್ಯಾಯವನ್ನು ಏನು ಮಾಡುತ್ತೀರಿ?

ಎರ್ರಮ್ಮ


ಸಂಡೂರು
೩೦ ಸೆಪ್ಟೆಂಬರ್ ೨೦೨೪

ಎರ್ರಮ್ಮನವರೆ,

ಇದು ಬ್ಲ್ಯಾಕ್‌ಮೇಲ್. ನನ್ನ ಪರಿಚಯದ ವಕೀಲರು ಹೊಸಪೇಟೆಯಲ್ಲಿದ್ದಾರೆ.

ಆಗ ಲ್ಯಾಪ್‌ಟಾಪಿನ ಒಳಭಾಗವನ್ನು ನಾನು ಕಂಡಿರಲಿಲ್ಲ. ತಿಳಿಯದೆ ಆದದ್ದು ಅಪರಾಧವಲ್ಲ. ಅಷ್ಟು ಮಕ್ಕಳನ್ನು ಕಾಯುವವನಿಗೆ ಕೆಲವೊಮ್ಮೆ ಬಿಗಿ ಬೇಕಾಗುತ್ತದೆ. ನನ್ನ ಯಂತ್ರವನ್ನು ಒಳಗಿರುವುದೆಲ್ಲ ಇದ್ದ ಹಾಗೆಯೇ ಕೂಡಲೇ ಹಿಂತಿರುಗಿಸಿ.

ಅ. ಕ. ಆಚಾರ್


ಕಂಪ್ಲಿ
೩ ಅಕ್ಟೋಬರ್ ೨೦೨೪

ಅಚ್ಯುತ ಸರ್,

ಇಗೋ, ಹಿಂತಿರುಗಿಸಿದ್ದೇನೆ.

ಬಾಗಿದ ಕೊಕ್ಕೆ ನೆಟ್ಟಗೆ ಮಾಡಿದೆ. ನಾಲ್ಕು ಬೆರಳಿನ, ಎಂಟು ಜಿಬಿಯ ಹೊಸ ಪಟ್ಟಿ ಕೂರಿಸಿದೆ. ಗುಂಡಿ ಒತ್ತಿ ನೋಡಿ. ಸಂಧ್ಯಾವಂದನೆ ಬೇಡ, ಒಂದು ಆಚಮನ ಮುಗಿಸುವಷ್ಟರಲ್ಲಿ ತೆರೆದುಕೊಳ್ಳುತ್ತದೆ. ನಿಮ್ಮ ಪುಸ್ತಕದ ಒಂದು ಅಕ್ಷರವನ್ನೂ ಮುಟ್ಟಿಲ್ಲ. ಇನ್ನೊಬ್ಬರ ಪೆಟ್ಟಿಗೆಯಿಂದ ತೆಗೆಯುವುದು ನನ್ನ ಅಭ್ಯಾಸವಲ್ಲ ಎಂದು ನಿಮಗೆ ಈಗಲಾದರೂ ತಿಳಿಯಲಿ.

ವಕೀಲರಿಗೆ ಹೇಳಿ. ಸೆಪ್ಟೆಂಬರ್ ೨೦ರ ನಿಮ್ಮ ಕಾಗದದ ಮೂರು ಜೆರಾಕ್ಸ್ ನನ್ನ ಬಳಿ ಇವೆ, ಒಂದು ಅವರಿಗೂ ಕೊಡುತ್ತೇನೆ.

ಯಂತ್ರ ನಿಧಾನ, ತಿದ್ದಲು ಆಗಲಿಲ್ಲ ಎಂದು ಇನ್ನು ನೀವು ಹೇಳುವಂತಿಲ್ಲ. ಅದಕ್ಕೇ ರಿಪೇರಿ ಮಾಡಿದ್ದು. ನವೆಂಬರ್ ೨೪ರಂದು ಅಪ್ಪನನ್ನು ಕರೆದುಕೊಂಡು ನಾನು ಬರುತ್ತೇನೆ. ಅಪ್ಪ ಒಗೆದ ಅಂಗಿ ಹಾಕಿಕೊಂಡಿರುತ್ತಾನೆ. ಜೇಬಿನಲ್ಲಿ ಎರಡು ಪಟ್ಟಿ ಇರುತ್ತವೆ, ಒಂದು ಉದ್ದ, ಒಂದು ಗಿಡ್ಡ. ಆ ಅಧ್ಯಾಯ ಪುಸ್ತಕದಲ್ಲಿದ್ದರೆ ಅಪ್ಪ ಮೈಕಿನ ಮುಂದೆ ನಿಂತು ಅದೇ ಮಾತು ಮತ್ತೊಮ್ಮೆ ಕೇಳುತ್ತಾನೆ, "ಒಂದ್ಸಲ ಹಾಕಿ ತೋರಸ್ರಿ."

ಈ ಸಲ ನಿಮ್ಮ ಉತ್ತರ ಏನು ಎಂದು ನೀವೇ ಯೋಚನೆ ಮಾಡಿ.

ಎರ್ರಮ್ಮ


ಸಂಡೂರು
೧೨ ನವೆಂಬರ್ ೨೦೨೪

ಎರ್ರಮ್ಮ,

ನಲವತ್ತು ದಿನ ಬರೆಯಲಿಲ್ಲ. ಈ ಸಲ ಬ್ಯಾಗಿಲ್ಲ, ಬರಿ ಕವರು. ಮೂಕಣ್ಣ ಅದನ್ನು ನಿನಗೆ ತಲುಪಿಸುತ್ತಾನೆ. ನಿನ್ನ ಅಂಗಡಿಯ ಹೆಸರನ್ನು ಅವನು ನನಗೆ ಸುಮ್ಮನೆ ಹೇಳಿರಲಿಲ್ಲ ಎಂದು ಈಗ ಅರ್ಥವಾಯಿತು.

ಯಂತ್ರ ಬಹಳ ಚುರುಕಾಗಿದೆ. ಆ ಅಧ್ಯಾಯವನ್ನು ತೆರೆಯುತ್ತೇನೆ, ತಟ್ಟನೆ ಎದುರಿಗೆ ಬರುತ್ತದೆ. ಮುಚ್ಚುತ್ತೇನೆ. ಮೊದಲಾದರೆ ಅದು ತೆರೆಯುವಷ್ಟರಲ್ಲಿ ಎದ್ದು ಹೋಗಬಹುದಿತ್ತು.

ಒಂದನ್ನು ನಿನಗೆ ಹೇಳಬೇಕು. ಇದನ್ನು ಲಕ್ಷ್ಮೀಬಾಯಿಗೂ ಹೇಳಿರಲಿಲ್ಲ.

ನೀನು ತಪ್ಪೊಪ್ಪಿಗೆ ಬರೆದ ನಾಲ್ಕನೇ ದಿನ ಮೂಕಣ್ಣ ರಜೆ ಮುಗಿಸಿ ಮರಿಯಮ್ಮನಹಳ್ಳಿಯಿಂದ ಬಂದ. ಗೋಡೆಯ ಮೇಲಿನ ಕಾಗದ ಓದಿ ನೇರವಾಗಿ ನನ್ನ ಬಳಿ ಬಂದು, "ಸರ, ಆ ಎರಡು ಪಟ್ಟಿ ಹಬ್ಬದ ಮುಂಚೆ ನೀವು ಹೇಳಿದಂಗ ಬಿಚ್ಚಿ, ನಿಮ್ಮ ಕಪಾಟಿನಾಗ ಇಟ್ಟು ಹೋಗಿದ್ನೆಲ್ರಿ. ನೋಡ್ಲಿಲ್ಲೇನ್ರಿ?" ಎಂದ. ಕಪಾಟು ತೆರೆದೆ. ಹಳೆಯ ಪ್ರಶ್ನೆಪತ್ರಿಕೆಯ ಕವರಿನಲ್ಲಿ ಎರಡೂ ಇದ್ದವು. ಧೂಳು ಹಿಡಿದೀತೆಂದು ನಾನೇ ತೆಗೆಸಿಟ್ಟು ಮರೆತಿದ್ದೆ.

ಅಷ್ಟರಲ್ಲಿ ಪ್ರಿನ್ಸಿಪಾಲರು ಸಭೆಯಲ್ಲಿ ನನ್ನ ದೊಡ್ಡ ಮನಸ್ಸನ್ನು ಹೊಗಳಿದ್ದರು. "ಸುಮ್ಮನಿರು" ಎಂದು ಮೂಕಣ್ಣನಿಗೆ ಹೇಳಿದೆ. ಅವನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಸುಮ್ಮನಾದ. ಅದೇ ಸಂಜೆ ಆ ಎರಡು ಪಟ್ಟಿಗಳನ್ನು ನನ್ನ ಕೈಯಾರೆ ಯಂತ್ರಕ್ಕೆ ಹಾಕಿದೆ. ಹೌದು, ಕೂರಿಸಲು ನನಗೆ ಬಂತು. ಎಂಟು ಬೆರಳಿನವು.

ಮೊದಮೊದಲು ಆ ಗೋಡೆಯ ಕಡೆ ನೋಡುತ್ತಿರಲಿಲ್ಲ. ವರ್ಷ ಕಳೆದಂತೆ ಆ ಕಥೆಯನ್ನು ಹೊಸ ಮಕ್ಕಳಿಗೆ ಹೇಳುತ್ತಾ ಹೇಳುತ್ತಾ ನಾನೇ ನಂಬಿಬಿಟ್ಟೆ.

ಅಧ್ಯಾಯವನ್ನು ಪುಸ್ತಕದಿಂದ ತೆಗೆದುಹಾಕಿದ್ದೇನೆ. ಈಗ ಹನ್ನೊಂದೇ ಇವೆ. ನನಗೆ ಅರವತ್ತೆರಡು. ಇಷ್ಟಕ್ಕೆ ಬಿಡು ತಾಯಿ.

ಅಚ್ಯುತ


ಕಂಪ್ಲಿ
೧೫ ನವೆಂಬರ್ ೨೦೨೪

ಅಚ್ಯುತ ಸರ್,

ಬಿಡುವುದಿಲ್ಲ.

ನಿಮಗೆ ತಿಳಿದಿರಲಿಲ್ಲ ಎಂದು ಹದಿನೈದು ವರ್ಷ ಅಂದುಕೊಂಡಿದ್ದೆ. ಗೊತ್ತಿಲ್ಲದವನ ಮೇಲೆ ಇಷ್ಟು ಸಿಟ್ಟು ಸರಿಯೇ ಎಂದು ಎಷ್ಟೋ ಸಲ ನನ್ನನ್ನೇ ಬೈದುಕೊಂಡಿದ್ದೆ. ನಿಮ್ಮ ಕಾಗದ ಓದಿದ ಮೇಲೆ ಆ ಬೈಗುಳವನ್ನು ವಾಪಸು ತೆಗೆದುಕೊಂಡೆ. ಮೂಕಣ್ಣನನ್ನೂ ಕೇಳುವುದಿದೆ. ಆದರೆ ಅವನು ಆ ವರ್ಷದ ಯುಗಾದಿಯ ಹಿಂದಿನ ದಿನ ನನ್ನ ತಪ್ಪೊಪ್ಪಿಗೆಯನ್ನು ಗೋಡೆಯಿಂದ ಕಿತ್ತು, ಕಂಪ್ಲಿಗೆ ಬಂದು, ಅಪ್ಪನ ಕೈಗೆ ಕೊಟ್ಟು ಹೋಗಿದ್ದ. ಅಷ್ಟು ಅವನ ಪಾಲಿಗಿದೆ. ನಿಮ್ಮ ಪಾಲಿಗೆ ಏನಿದೆ?

ಅಧ್ಯಾಯ ತೆ‌ಗೆದರೆ ನಿಮ್ಮ ಪುಸ್ತಕ ಹಗುರವಾಗುತ್ತದೆ. ನಾನು ಕಳ್ಳಿಯಾಗಿಯೇ ಉಳಿಯುತ್ತೇನೆ. ಅಂದು ನಕ್ಕವರೆಲ್ಲ ಆ ಸಭೆಗೆ ಬರುತ್ತಾರೆ. ಅವರ ತಲೆಯಲ್ಲಿರುವ ಅಧ್ಯಾಯವನ್ನು ತೆಗೆಯುವವರು ಯಾರು?

ನನ್ನ ಕಾಗದವನ್ನು ನೀವು ಹೇಳಿ ಬರೆಸಿದಿರಿ. "ದೊಡ್ಡ ಮನಸ್ಸು ಮಾಡಿ" ಎಂಬ ಮಾತನ್ನು ನಾನು ಬಿಟ್ಟಿದ್ದಕ್ಕೆ ಹರಿದು ಹಾಕಿಸಿ ಮತ್ತೆ ಬರೆಸಿದಿರಿ. ಈಗ ನಾನು ಹೇಳುತ್ತೇನೆ, ನೀವು ಬರೆಯಿರಿ. ಬಿಳಿ ಹಾಳೆ, ಕಪ್ಪು ಶಾಯಿ, ಎಡಕ್ಕೆ ಎರಡು ಬೆರಳು ಜಾಗ ಬಿಡಿ, ಅಂದು ನೀವು ಬಿಡಿಸಿದ ಹಾಗೆ.

"ನಾನು ಅಚ್ಯುತ, ಕಮಲಾಕರ ಆಚಾರ್ ಅವರ ಮಗ. ೨೦೦೯ರಲ್ಲಿ ಗಾದಿಲಿಂಗಪ್ಪನವರ ಮಗಳು ಎರ್ರಮ್ಮನ ಮೇಲೆ ಕಳ್ಳತನ ಹೊರಿಸಿದೆ. ಅವಳು ಕದ್ದಿರಲಿಲ್ಲ. ಕಳೆದ ವಸ್ತು ನನ್ನ ಕಪಾಟಿನಲ್ಲೇ ಸಿಕ್ಕಿತು. ಸಿಕ್ಕ ಮೇಲೂ ಸುಮ್ಮನಿದ್ದೆ. ಒಂದು ಸಲ ಹಾಕಿ ತೋರಿಸಿ ಎಂದು ಗಾದಿಲಿಂಗಪ್ಪನವರು ಕೇಳಿದ್ದೇ ಸರಿಯಾದ ಮಾತು. ಅದು ನನಗೆ ತಿಳಿಯಲಿಲ್ಲ."

ಇಷ್ಟೆ. ಇದನ್ನು ಸಭೆಯಲ್ಲಿ ಎದ್ದು ನಿಂತು ಓದಿ, ಆಮೇಲೆ ಮೂಲ ಕಾಗದವನ್ನು ನನಗೆ ಕಳಿಸಿ. ಓದದಿದ್ದರೆ ಅಪ್ಪನ ಜೇಬಿನಲ್ಲಿ ಎರಡು ಪಟ್ಟಿ ಇರುತ್ತವೆ.

ಎರ್ರಮ್ಮ


ಸಂಡೂರು
೨೫ ನವೆಂಬರ್ ೨೦೨೪

ಎರ್ರಮ್ಮ,

ಓದಿದೆ.

ಮುಂದಿನ ಸಾಲಿನಲ್ಲಿ ನಿನ್ನನ್ನೂ ನಿನ್ನ ತಂದೆಯನ್ನೂ ಹುಡುಕಿದೆ. ಕಾಣಲಿಲ್ಲ. ಬಂದಿಲ್ಲ, ಓದದೆ ತಪ್ಪಿಸಿಕೊಳ್ಳಬಹುದು ಎಂದು ಒಂದು ಗಳಿಗೆ ಅನ್ನಿಸಿತು. ಕಾಗದವನ್ನು ಜೇಬಿಗೆ ವಾಪಸು ಇಡಲು ಹೊರಟೆ. ಆಗ ವೇದಿಕೆಗೆ ಸೋಡಾ ತಂದ ಮೂಕಣ್ಣ ಅಲ್ಲೇ ನಿಂತುಬಿಟ್ಟ, ಸರಿಯಲಿಲ್ಲ. "ಓದ್ರಿ ಸರ," ಎಂದ. ಇಷ್ಟು ವರ್ಷದಲ್ಲಿ ಅವನು ನನಗೆ ಮಾಡಿದ ಮೊದಲ ಆಜ್ಞೆ.

ಓದಿ ಮುಗಿಸಿದಾಗ ಹಿಂದಿನ ಸಾಲಿನಿಂದ ಮನೋಹರ್ ಎಂಬ ಹಳೆಯ ವಿದ್ಯಾರ್ಥಿ ಎದ್ದು, "ನಾನೂ ಅವತ್ತು ನಕ್ಕಿದ್ದೆ, ಸರ್," ಎಂದು ಕೂತ. ಶಾಲು ಹೊದಿಸಿದರು. ಚಪ್ಪಾಳೆ ಬರಲಿಲ್ಲ. ಊಟದ ಪಂಕ್ತಿಯಲ್ಲಿ ನನ್ನ ಎಡಕ್ಕೊಂದು ಬಲಕ್ಕೊಂದು ಎಲೆ ಖಾಲಿ ಉಳಿದವು. ಲಕ್ಷ್ಮೀಬಾಯಿ ಹೆಂಗಸರ ಸಾಲಿನಿಂದ ಎದ್ದು ಬಂದು ಬಲಗಡೆ ಕೂತರು. ಎಡಗಡೆಯದು ಹಾಗೇ ಇತ್ತು.

ಮೂಲ ಕಾಗದ ಈ ಕವರಿನಲ್ಲಿದೆ. ನೀನು ಹೇಳಿದ್ದನ್ನೆಲ್ಲ ಮಾಡಿದ್ದೇನೆ. ಇನ್ನಾದರೂ ಕ್ಷಮಿಸಿದೆ ಎಂದು ಒಂದು ಸಾಲು ಬರೆದು ಕಳಿಸುತ್ತೀಯಾ?

ಅಚ್ಯುತ


ಕಂಪ್ಲಿ
೨೬ ನವೆಂಬರ್ ೨೦೨೪

ಅಚ್ಯುತ ಸರ್,

ನಾವು ಬಂದಿದ್ದೆವು. ಹಿಂದೆ, ಚಪ್ಪಲಿ ಬಿಡುವ ಬಾಗಿಲ ಬಳಿ ನಿಂತಿದ್ದೆವು. ಒಳಗೆ ಕುರ್ಚಿ ಖಾಲಿ ಇತ್ತು. ಅಪ್ಪನೇ ಬೇಡವೆಂದ. "ಅವತ್ತೂ ಬಾಗಿಲದಾಗ ನಿಂತಿದ್ದೆ, ಇಲ್ಲೇ ನಿಂದರತೀನಿ ಬಿಡು," ಎಂದ. ನಿಮ್ಮ ಓದು ಪೂರ್ತಿ ಕೇಳಿಸಿತು.

ವಾಪಸು ಬರುವಾಗ ಬಸ್ಸಿನಲ್ಲಿ, ಊರು ಹತ್ತಿರ ಬಂದಾಗ, ಅಪ್ಪ ಜೇಬಿನಿಂದ ಎರಡು ಪಟ್ಟಿಗಳನ್ನು ತೆಗೆದು ತೊಡೆಯ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಕೇಳಿದ:

"ಅವರು ಖರೇನ ಹಾಕಿ ನೋಡಿದ್ರೇನು?"

"ಹೂಂ ಅಪ್ಪ. ಮನಿಯಾಗ ಕುಂತು ಹಾಕಿ ನೋಡ್ಯಾರ."

"ಕುಂದರಲಿಲ್ಲೇನು?"

"ಇಲ್ಲಪ್ಪ."

"ನಾ ಅವತ್ತ ಹೇಳಿದ್ನೆಲ್ಲ," ಎಂದು ಎರಡನ್ನೂ ಜೇಬಿಗೆ ಹಾಕಿಕೊಂಡು ಕಿಟಕಿಯ ಕಡೆ ತಿರುಗಿದ. ಅವನಿಗೆ ಬೇಕಿದ್ದದ್ದು ಅಷ್ಟೇ ಇರಬೇಕು. ನಾನು ಅವನಷ್ಟು ಒಳ್ಳೆಯವಳಲ್ಲ.

ನೀವು ಕೇಳಿದ ಒಂದು ಸಾಲನ್ನು ಬರೆಯುವುದಿಲ್ಲ. ನನ್ನ ಕಾಗದದಲ್ಲಿ "ಗುರುಗಳು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದಾರೆ" ಎಂಬ ಸಾಲನ್ನು ನೀವೇ ಸೇರಿಸಿದ್ದಿರಿ. ನಿಮಗೆ ಹೇಳಿ ಬರೆಸುವಾಗ ಆ ಸಾಲನ್ನು ನಾನು ಬೇಕೆಂದೇ ಬಿಟ್ಟೆ. ಓದುವಾಗ ಗಮನಿಸಿದ್ದೀರಿ ಎಂದುಕೊಂಡಿದ್ದೆ.

ನಿಮ್ಮ ಕಾಗದಕ್ಕೆ ಈ ಬೆಳಿಗ್ಗೆ ಲ್ಯಾಮಿನೇಷನ್ ಹಾಕಿಸಿ, ಅಂಗಡಿಯ ಗೋಡೆಗೆ, ಗಿರಾಕಿಗಳು ನಿಲ್ಲುವ ಜಾಗದ ಎದುರಿಗೆ ಅಂಟಿಸಿದ್ದೇನೆ. ಮಧ್ಯಾಹ್ನದೊಳಗೆ ಒಂಬತ್ತು ಜನ ಓದಿದರು. ಒಬ್ಬರು ಅಕ್ಷರ ಮಸ್ತ್ ಐತಿ ಎಂದರು.

ನನ್ನದು ನಿಮ್ಮ ಗೋಡೆಯ ಮೇಲೆ ೨೦೦೯ರ ಅಕ್ಟೋಬರ್ ೫ರಿಂದ ಮುಂದಿನ ಮಾರ್ಚ್ ೧೫ರವರೆಗೆ ಇತ್ತು. ಐದು ತಿಂಗಳು, ಹತ್ತು ದಿನ. ನಿಮ್ಮದೂ ಅಷ್ಟೇ ದಿನ ಇರುತ್ತದೆ. ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆಯಿಲ್ಲ. ಮೇ ೬ರ ಬೆಳಿಗ್ಗೆ ನಾನೇ ತೆಗೆದು, ಮೂಕಣ್ಣನ ಕೈಗೆ ಕೊಟ್ಟು ನಿಮಗೆ ಕಳಿಸುತ್ತೇನೆ.

ಲ್ಯಾಪ್‌ಟಾಪಿಗೆ ಒಂದು ವರ್ಷ ಗ್ಯಾರಂಟಿ ಇದೆ. ತೊಂದರೆ ಬಂದರೆ ಕಳಿಸಿ, ಮಾಡಿಕೊಡುತ್ತೇನೆ. ಜೊತೆಗೆ ಚೀಟಿ ಇರಲಿ.

ಎರ್ರಮ್ಮ ಗಾದಿಲಿಂಗಪ್ಪ
ತಾಯಕ್ಕ ಕಂಪ್ಯೂಟರ್ಸ್, ಕಂಪ್ಲಿ